ಹೂಮಳೆಯಲ್ಲಿಯೂ ಜಡಿಮಳೆಯಲ್ಲಿಯೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ತೋಟಗಾರರು ಎರಡು ಬಗೆಯ ಮಳೆಯನ್ನು ಚೆನ್ನಾಗಿ ಬಲ್ಲರು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಬಂದು ಕಾಫಿಯ ಮೊಗ್ಗನ್ನು ಅರಳಿಸುವುದು ಹೂಮಳೆ. ಆಷಾಢ ಶ್ರಾವಣಗಳಲ್ಲಿ ಹಗಲಿರುಳೆನ್ನದೆ ಸುರಿದು ಕಾಯನ್ನು ಉದುರಿಸುವುದು ಜಡಿಮಳೆ. ಎರಡನ್ನೂ ಕೊಡುವ ಆಕಾಶವು ಒಂದೇ. ಆದರೆ ಅದನ್ನು ನೋಡಿ ಕೈಮುಗಿಯುವ ನಾವು ಎರಡು ಕಾಲದಲ್ಲಿಯೂ ಒಂದೇ ಆಗಿರುವೆವೆ? ಈ ಬೆಟ್ಟಗಳಲ್ಲಿ ಬಾಳುವ ಕ್ರೈಸ್ತರು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಕಷ್ಟಕಾಲದ ನಿಷ್ಠೆಗೆ ದೂರದ ಉದಾಹರಣೆಯನ್ನು ಹುಡುಕಬೇಕಾದುದಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು, ಯುದ್ಧದಲ್ಲಿ ಆಂಗ್ಲರಿಗೆ ನೆರವಾದರೆಂಬ ಶಂಕೆಯಿಂದ, ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದನು. ಹದಿನೈದು ವರ್ಷಗಳ ಆ ಸೆರೆಯಲ್ಲಿ ಅನೇಕರು ಮಡಿದರು. ಬಲಾತ್ಕಾರಕ್ಕೆ ಮಣಿದವರೂ ಉಂಟು. 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಆಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಗಳು ಅಲ್ಲಿಗೆ ಹೋಗಿ, ಮಣಿದವರನ್ನು ಮರಳಿ ಸಭೆಗೆ ಸೇರಿಸಿಕೊಂಡರು. ಬದುಕಿ ಉಳಿದ ಅನೇಕರು ಕೆನರಾಕ್ಕೆ ಹಿಂದಿರುಗಿ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಬಿದ್ದವನು ಎದ್ದು ಬಂದರೆ ಅದನ್ನೂ ನಿಷ್ಠೆಯೆಂದೇ ಎಣಿಸಬೇಕೆಂದು ನಮಗೆ ತೋರುತ್ತದೆ.

ನಮ್ಮ ಕಾಲದಲ್ಲಿಯೂ ಜಡಿಮಳೆ ಬಂದಿದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಕಡೆ ಗುಡ್ಡಗಳು ಜರಿದು ಮನೆ ತೋಟಗಳು ಮಣ್ಣುಪಾಲಾದುವು. ಒಂದು ತಿಂಗಳಿನಲ್ಲಿಯೇ, ಸೆಪ್ಟೆಂಬರ್ 8ರಂದು, ಕನ್ಯಾಮರಿಯಮ್ಮನವರ ಜನ್ಮದಿನದ ತೆನೆಹಬ್ಬ ಬಂದಿತು. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಪಾಯಸಕ್ಕೆ ಬೆರಸಿ ಎಲ್ಲರೂ ಹಂಚಿಕೊಂಡು ಉಣ್ಣುವುದು ವಾಡಿಕೆ. ಗದ್ದೆಯನ್ನು ಕಳೆದುಕೊಂಡವನು ಅನ್ಯರ ಗದ್ದೆಯ ತೆನೆಗೆ ಕೈಯೊಡ್ಡಿ ದೇವರನ್ನು ವಂದಿಸುವುದು ಎಷ್ಟು ಕಷ್ಟವೆಂಬುದನ್ನು ಶ್ರೋತೃಗಳೇ ಊಹಿಸಬಹುದು.

ಆದರೂ ಸುಖಕಾಲದ ಪರೀಕ್ಷೆಯು ಇದಕ್ಕಿಂತಲೂ ಕಠಿಣವೆಂದು ನಮ್ಮ ಅನುಭವ. 2001–02ರಲ್ಲಿ ಕಾಫಿಯ ಬೆಲೆ ನೆಲ ಕಚ್ಚಿದಾಗ ನಮ್ಮ ಮನೆಯಲ್ಲಿ ರಾತ್ರಿಯ ಪ್ರಾರ್ಥನೆ ಬಹಳ ಹೊತ್ತು ನಡೆಯುತ್ತಿದ್ದಿತು. ಬಟವಾಡೆ ತಡವಾದರೂ ಲೈನುಮನೆಯವರು ಗೊಣಗದೆ ಕಾದರು. 2024–25ರಲ್ಲಿ ಬೆಲೆಯು ಹಿಂದೆಂದೂ ಕಾಣದಷ್ಟು ಏರಿತು. ಪ್ರಾರ್ಥನೆ ಗಿಡ್ಡವಾಯಿತು, ಲೆಕ್ಕದ ಮಾತು ಉದ್ದವಾಯಿತು. ಹಾಗಿರುವಾಗ ಒಂದು ಸಂಜೆ ವೃದ್ಧನಾದ ಆಳೊಬ್ಬನು ಬಂದು, ಸೂರು ಸೋರುತ್ತಿದೆ, ಹಂಚು ಬೇಕು ಎಂದನು. "ಕೊಯ್ಲು ಮುಗಿಯಲಿ, ನೋಡೋಣ" ಎಂದೆವು.

"ಆಗಲಿ ಸಾಹುಕಾರ್ರೆ, ಆಗಲೂ ಕಾದಿದ್ದೆವಲ್ಲ" ಎಂದು ಅವನು ಹೊರಟುಹೋದನು.

ಅವನ ದನಿಯಲ್ಲಿ ಕೋಪವಿರಲಿಲ್ಲ. ಆ ರಾತ್ರಿ ನಮಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಮರುದಿನ ಹಂಚು ಕಳುಹಿಸಿದೆವು, ನಿಜ. ಆದರೆ ಬಾಯಿಂದ ಮೊದಲು ಹೊರಟ ಮಾತು ಯಾವುದೆಂಬುದನ್ನು ಮರೆಯಲಾರೆವು. ನಮ್ಮ ಕಷ್ಟದಲ್ಲಿ ನಿಷ್ಠೆಯಿಂದಿದ್ದವನು ಅವನು. ನಮ್ಮ ಸುಖದಲ್ಲಿ ನಿಷ್ಠೆಯನ್ನು ಮರೆತವರು ನಾವು.

ಯೋಬನ ಕಥೆಯನ್ನು ಓದುವವರೆಲ್ಲರೂ ಅವನ ಹುಣ್ಣನ್ನೂ ಬೂದಿಯನ್ನೂ ನೆನೆಯುತ್ತಾರೆ. ಕಡೆಯಲ್ಲಿ ಸಂಪತ್ತು ಎರಡರಷ್ಟಾಗಿ ಮರಳಿದ ಮೇಲೆ ಅವನು ತನ್ನ ಆಳುಗಳೊಡನೆ ಹೇಗೆ ಬಾಳಿದನೆಂದು ಕೇಳುವವರು ವಿರಳ. ಬೆಲೆ ಬಂದ ವರ್ಷಗಳಲ್ಲಿ ಬೆಟ್ಟದ ಕ್ರೈಸ್ತರಾದ ನಾವು ಆ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಹೂಮಳೆ ಬಿದ್ದ ಕೆಲವು ದಿನಗಳ ಮೇಲೆ ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮಿಸುವಾಗ, ಒಮ್ಮೆ ಲೈನುಮನೆಗಳ ಸೂರಿನ ಕಡೆಗೂ ಕಣ್ಣೆತ್ತಿ ನೋಡೋಣ.