ಏಂಜೆಲಾ ಡೇವಿಸ್ ಕಿವಿಗೊಟ್ಟ ಹಾಡು

ಏಂಜೆಲಾ ಡೇವಿಸ್ ಅಂದ ಕೂಡಲೇ ನಮಗೆಲ್ಲ ಜೈಲು ನೆನಪಾಗ್ತದೆ. 1970ರಲ್ಲಿ ಹಿಡಿದು ಹಾಕಿದರು, 1972ರಲ್ಲಿ ಕೋರ್ಟು ನಿರ್ದೋಷಿ ಅಂದಿತು. ಇವತ್ತು ಆ ಕಥೆ ಬೇಡ. ಆಕೆ ಹಾಡಿನ ಹತ್ತಿರ ಬಂದ ದಾರಿ ನೋಡೋಣ.

ಓದಿದ್ದು ತತ್ವಶಾಸ್ತ್ರ. 1960ರ ದಶಕದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಅಡೋರ್ನೋ ಎಂಬ ದೊಡ್ಡ ಪಂಡಿತನ ಪಾಠ ಕೇಳಿದಾಕೆ. ಆ ಪಂಡಿತನಿಗೆ ಜಾಝ್ ಸಂಗೀತ ಬರೀ ಮಾರಾಟದ ಸರಕು. ಶಿಷ್ಯೆ ಆ ಸರಕಿಗೇ ಕೈಹಾಕಿದಳು. 1920ರ ದಶಕದಲ್ಲಿ ಅಮೆರಿಕದ ಕಂಪನಿಗಳು ಕಪ್ಪು ಜನರಿಗೆಂದು 'ರೇಸ್ ರೆಕಾರ್ಡ್' ಅಂತ ಬೇರೆ ಪಂಕ್ತಿ ಹಾಕಿ ಮಾರಿದ ಬ್ಲೂಸ್ ಹಾಡುಗಳವು. (ಪಂಕ್ತಿಭೇದ ನಮಗೇನು ಹೊಸದೆ?) ಹಾಡಿದವರು ಮಾ ರೈನಿ, ಬೆಸ್ಸಿ ಸ್ಮಿತ್. ಏಂಜೆಲಾ ಆ ರೆಕಾರ್ಡು ಕೇಳಿ ಕೇಳಿ ಮಾತುಗಳನ್ನೆಲ್ಲ ಬರಕೊಂಡಳು. 1998ರಲ್ಲಿ ಬಂದ ಆಕೆಯ ಪುಸ್ತಕದ ಹಿಂಭಾಗದ ತುಂಬ ಆ ಹಾಡುಗಳೇ.

ಏನಿತ್ತು ಅವುಗಳಲ್ಲಿ? ಗಂಡಸಿನ ಹೊಡೆತ, ಬಡತನ, ಜೈಲು, ರೈಲು ಹತ್ತಿ ಊರು ಬಿಡೋದು, ಮನಸ್ಸಿಗೆ ಬಂದವರ ಜೊತೆ ಇರೋದು. ಮರ್ಯಾದಸ್ಥರು ಬಾಯಿಬಿಡದ ಸಂಗತಿಯನ್ನು ಈ ಹೆಂಗಸರು ತುಂಬಿದ ಸಭೆಯಲ್ಲಿ ಹಾಡಿದ್ದರು. ಕಪ್ಪು ಜನರೊಳಗೇ ಓದಿ ಮೇಲೆ ಬಂದ ಬಹಳ ಮಂದಿಗೆ ಅದು ಕೀಳು ಹಾಡು.

ಇಲ್ಲಿ ನಮಗೆ ಮುಳ್ಳು ಚುಚ್ಚಿತು. ಹಾಸ್ಟೆಲಿನ ಗೆಳೆಯರು ಮನೆಗೆ ಬಂದಾಗ ಅವ್ವ ಸೋಬಾನೆ ತೆಗೆದರೆ "ಸುಮ್ನಿರವ್ವ" ಅಂದೋರು ನಾವೇ. ಬಿ.ಎ. ಮುಗಿಸಿದ್ದೆವು ನೋಡಿ!

ಈ ರಜಕ್ಕೆ ಊರಿಗೆ ಹೊರಟಿದ್ದೀವಿ. ಚೀಲದಲ್ಲಿ ಒಂದು ನೋಟ್‌ಬುಕ್ಕು ಇದೆ. ಅವ್ವ ಹಾಡ್ತಾಳೋ ಬೈತಾಳೋ ಗೊತ್ತಿಲ್ಲ.