ಕೆರೆ ಯಾರದು? ಹಕ್ಕಿಗಳೇ ಸಾಕ್ಷಿ

(ಕೆರೆಯ ಏರಿಯ ಮೇಲೆ ಸೇರಿದ್ದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೆಲೆಯೇರಿಕೆಗಳ ಪ್ರಶ್ನೆ ಎದುರಿಗಿರುವಾಗ ಹಕ್ಕಿಗಳ ಮಾತೇಕೆ, ಇದು ಹೊಟ್ಟೆ ತುಂಬಿದವರ ಹವ್ಯಾಸವಲ್ಲವೇ ಎಂದು ಕೆಲವರು ಕೇಳಿದ್ದಾರೆ. ಅಲ್ಲವೆಂದೇ ನಮ್ಮ ಉತ್ತರ. ಬೆಳ್ಳಕ್ಕಿ, ಗುಳುಮುಳುಕ, ಮಿಂಚುಳ್ಳಿಗಳು ಸಂಬಳವಿಲ್ಲದೆ ಕೆರೆಯ ತನಿಖೆ ಮಾಡುವ ಅಧಿಕಾರಿಗಳು, ಲಂಚಕ್ಕೆ ಬಗ್ಗುವವರಲ್ಲ. ನೀರು ಕೆಟ್ಟರೆ ಮೀನು ಸಾಯುತ್ತದೆ, ಮೀನು ಸತ್ತರೆ ಅದನ್ನು ನಂಬಿದ ಹಕ್ಕಿ ಊರು ಬಿಡುತ್ತದೆ. ಅದರ ಹಿಂದೆಯೇ ಬೆಸ್ತರ ಅನ್ನ, ದನಕರುಗಳ ನೀರು, ಅಚ್ಚುಕಟ್ಟಿನ ಬೆಳೆ ಹೋಗುತ್ತವೆ.

ನಮ್ಮ ನಾಡಿನ ಎರಡು ಕೆರೆಗಳನ್ನು ನೋಡಿರಿ. ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕೆರೆಯನ್ನೂ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನೂ ಹಕ್ಕಿಗಳಿಗಾಗಿ ಕಟ್ಟಿದ್ದಲ್ಲ. ಬೇಸಾಯಕ್ಕಾಗಿ ದುಡಿಯುವ ಜನ ಬೆವರು ಸುರಿಸಿ ಕಟ್ಟಿದ್ದು. ಅಂಕಸಮುದ್ರದ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಮಾಗಡಿಗೆ ಹಿಮಾಲಯವನ್ನೇ ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬರುತ್ತವೆ. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಈ ಎರಡೂ 2024ರಲ್ಲಿ ಸೇರಿದವು. ರೈತನ ಕೆರೆಗೂ ಹಕ್ಕಿಗೂ ವೈರವಿಲ್ಲವೆಂಬುದಕ್ಕೆ ಇನ್ನಾವ ಪುರಾವೆ ಬೇಕು?

ಇನ್ನು ರಾಜಧಾನಿಯ ಕಡೆ ತಿರುಗಿರಿ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ ರಸ್ತೆಗೆ ಚೆಲ್ಲಿತು. 2015, 2017, 2018ರಲ್ಲಿ ಆ ಕೆರೆಯಲ್ಲಿ ಬೆಂಕಿಯೇ ಹತ್ತಿತು. 2016ರಲ್ಲಿ ಹಲಸೂರು ಕೆರೆಯ ಮೀನುಗಳು ಸತ್ತು ರಾಶಿರಾಶಿಯಾಗಿ ತೇಲಿದವು. ಇದು ದೈವಕೋಪವಲ್ಲ. ಚರಂಡಿಯ ನೀರು ಬಂದರೆ ಪಾಚಿಗೆ ಗೊಬ್ಬರ ಹಾಕಿದಂತೆ. ಹಗಲಲ್ಲಿ ಸೊಕ್ಕಿ ಬೆಳೆದ ಪಾಚಿ ರಾತ್ರಿ ನೀರಿನ ಪ್ರಾಣವಾಯುವನ್ನು ಹೀರುತ್ತದೆ. ಸತ್ತು ಕೊಳೆಯುವಾಗ ಉಳಿದದ್ದನ್ನೂ ಮುಗಿಸುತ್ತದೆ. ಮೀನಿಗೆ ಉಸಿರಾಡಲು ಏನು ಉಳಿಯಿತು?

ಇಂತಹ ರೋಗಕ್ಕೆ "ಕೆರೆ ಅಭಿವೃದ್ಧಿ"ಯೆಂಬ ಮದ್ದು ಬಂದಿದೆ. ಸುತ್ತ ತಂತಿಬೇಲಿ, ಕಲ್ಲುಕಟ್ಟಡ, ನಡೆಯಲು ಹಾದಿ. ಯಂತ್ರ ತಂದು ಅಂಗಳವನ್ನೆಲ್ಲ ಬಟ್ಟಲಿನಂತೆ ಅಗೆಯುವುದು. ಕೊಕ್ಕರೆ, ಬೆಳ್ಳಕ್ಕಿಗಳು ಕಾಲೂರಿ ಮೇಯುವುದು ಮೊಣಕಾಲುದ್ದದ ನೀರಿನಲ್ಲಿ. ಆ ತೆಳುನೀರಿನ ಅಂಚು ಹೋದರೆ ಅವಕ್ಕೆ ನಿಲ್ಲಲು ತಾವೆಲ್ಲಿ? ಬೇಲಿ ಹಾಕಿದ ಮೇಲೆ ದನ ಕಾಯುವವನಿಗೆ ದಾರಿಯೆಲ್ಲಿ? ಬಿಲ್ಲು ಮಾತ್ರ ಪಾಸಾಗುತ್ತದೆ. ಚರಂಡಿ ಹಾಗೆಯೇ ಹರಿಯುತ್ತದೆ!

ಊರ ಸಾಮೂಹಿಕ ಭೂಮಿ, ಕೆರೆಕುಂಟೆಗಳ ಒತ್ತುವರಿಯನ್ನು ತೆರವು ಮಾಡಿ ಊರಿಗೆ ಒಪ್ಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಜಗಪಾಲ ಸಿಂಗ್ ಮೊಕದ್ದಮೆಯಲ್ಲಿ ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿದೆ. ಆಜ್ಞೆ ಕಾಗದದಲ್ಲಿದೆ, ಅದನ್ನು ಏರಿಯ ಮೇಲಕ್ಕೆ ತರುವವರು ನಾವೇ. ಆದ್ದರಿಂದ ನಮ್ಮ ಒತ್ತಾಯಗಳು ಮೂರು. ಗ್ರಾಮನಕ್ಷೆಯಂತೆ ಕೆರೆಯನ್ನೂ ಅದಕ್ಕೆ ನೀರು ತರುವ ರಾಜಕಾಲುವೆಗಳನ್ನೂ ಅಳೆದು ಕಲ್ಲು ನೆಡಲಿ. ಒತ್ತುವರಿದಾರನು ದೊಡ್ಡವನೆಂದು ಸರ್ವೆ ಸರಪಳಿ ಬಾಗದಿರಲಿ. ಶುದ್ಧಿ ಮಾಡದ ಚರಂಡಿ ನೀರು ಒಂದು ಹನಿಯೂ ಕೆರೆಗೆ ಬೀಳದಿರಲಿ. ಹೂಳು ತೆಗೆಯುವಾಗ ಅಂಚಿನ ತೆಳುನೀರನ್ನೂ ಮರಗಳನ್ನೂ ಉಳಿಸಲಿ, ಕೆಲಸದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಲಿ.

ನಾವೂ ಒಂದು ಲೆಕ್ಕ ಇಡೋಣ. ಪ್ರತಿ ಚಳಿಗಾಲದಲ್ಲಿ ಶಾಲೆಯ ಮಕ್ಕಳು, ಬೆಸ್ತರು, ನೀರಗಂಟಿಗಳು ಕೂಡಿ ಹಕ್ಕಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯಲಿ. ಕಂಟ್ರಾಕ್ಟರನ ಲೆಕ್ಕದ ಪಕ್ಕದಲ್ಲಿ ಹಕ್ಕಿಗಳ ಲೆಕ್ಕವನ್ನಿಟ್ಟು ನೋಡೋಣ. ಯಾವುದು ಸುಳ್ಳೆಂಬುದು ಆಗ ಊರಿಗೇ ತಿಳಿಯುತ್ತದೆ.