ಮನೆಗಾಡಿಯ ಹೊರ ಸ್ಪೀಕರ್: ಒಂದು ಸಣ್ಣ ಕೆಲಸದಲ್ಲಿರುವ ಪಾಠ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ವೇದಿಕೆಗಳಲ್ಲಿ ವಿದ್ಯೆಯ ಮಹತ್ವದ ಬಗ್ಗೆ ಮಾತನಾಡುವುದು ವಾಡಿಕೆ. ಆ ಮಾತುಗಳನ್ನು ತಾವು ಹಲವು ಸಲ ಕೇಳಿದ್ದೀರಿ. ಆದ್ದರಿಂದ ನಾನು ಇಂದು ಒಂದು ಸಣ್ಣ ರಿಪೇರಿ ಕೆಲಸವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅಮೆರಿಕದಲ್ಲಿ ಜನ ಪ್ರವಾಸಕ್ಕೆ ಬಳಸುವ ಮನೆಗಾಡಿಯ ಹೊರಗೋಡೆಯಲ್ಲಿ ಕೆಟ್ಟುಹೋದ ಸ್ಪೀಕರನ್ನು ತೆಗೆದು ಹೊಸದನ್ನು ಕೂರಿಸುವುದು ಹೇಗೆ? ಇದೂ ಒಂದು ಭಾಷಣದ ವಿಷಯವೇ ಎಂದು ಕೆಲವರಿಗೆ ನಗು ಬರಬಹುದು. ಆದರೆ ಹತ್ತನೇ ತರಗತಿಯ ವಿಜ್ಞಾನದಲ್ಲಿ ನಾವು ಬಾಯಿಪಾಠ ಮಾಡುವ ಮೂರು ನಾಲ್ಕು ಪಾಠಗಳು ಈ ಒಂದು ಕೆಲಸದಲ್ಲಿ ಒಟ್ಟಿಗೆ ಸೇರುತ್ತವೆ. ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಭಾಗಕ್ಕಿಂತ ಕಾಣದ ಭಾಗವೇ ಹೆಚ್ಚು ಮುಖ್ಯ ಎಂಬುದನ್ನೂ ತಮ್ಮ ಗಮನಕ್ಕೆ ತರಬಯಸುತ್ತೇನೆ.

ಮೊದಲು ಮನೆಗಾಡಿ ಎಂದರೇನು ಎಂದು ತಿಳಿಯೋಣ. ಹಾಸಿಗೆ, ಅಡಿಗೆಯ ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಒಳಗೇ ಇರುವ ಚಕ್ರದ ಮೇಲಿನ ಮನೆ ಅದು. ಕೆಲವಕ್ಕೆ ಸ್ವಂತ ಇಂಜಿನ್ ಇರುತ್ತದೆ, ಕೆಲವನ್ನು ಬೇರೆ ವಾಹನ ಎಳೆದೊಯ್ಯುತ್ತದೆ. ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಖಾರ್ಟ್ ಪ್ರದೇಶ ಈ ಉದ್ಯಮದ ಕೇಂದ್ರವೆಂದು ಹೆಸರಾಗಿದೆ. ಗಾಡಿಯನ್ನು ಶಿಬಿರ ತಾಣದಲ್ಲಿ ನಿಲ್ಲಿಸಿದ ಮೇಲೆ ಬಾಗಿಲಿನ ಬದಿಯಲ್ಲಿ ಬಟ್ಟೆಯ ಚಪ್ಪರವನ್ನು ಹೊರಗೆ ಬಿಡಿಸುತ್ತಾರೆ. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತವರಿಗೆ ಹಾಡು, ವಾರ್ತೆ ಕೇಳಿಸಲಿ ಎಂದು ಹೊರಗೋಡೆಯಲ್ಲಿ ಎರಡು ಸ್ಪೀಕರ್‌ಗಳನ್ನು ಕೂರಿಸಿರುತ್ತಾರೆ.

ಸ್ಪೀಕರಿನ ಒಳಗೆ ಏನಿದೆ? ಒಂದು ಕಾಯಂ ಆಯಸ್ಕಾಂತ, ಅದರ ಸಂದಿಯಲ್ಲಿ ತಾಮ್ರದ ತಂತಿಯ ಸುರುಳಿ, ಆ ಸುರುಳಿಗೆ ಅಂಟಿಸಿದ ಒಂದು ಕೋನ್, ಕೋನಿನ ಅಂಚಿಗೆ ಮೆತ್ತನೆಯ ಸುತ್ತುಪಟ್ಟಿ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಆಯಸ್ಕಾಂತದ ಕ್ಷೇತ್ರದಲ್ಲಿ ಹಿಂದೆ ಮುಂದೆ ಚಲಿಸುತ್ತದೆ, ಕೋನ್ ಗಾಳಿಯನ್ನು ತಳ್ಳುತ್ತದೆ, ನಮಗೆ ಧ್ವನಿ ಕೇಳುತ್ತದೆ. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇಂದಿನ ಸ್ಪೀಕರ್‌ಗಳಿಗೂ ತಳಹದಿ. ಬ್ಲೂಟೂತ್ ಬಂದರೂ, ಮೊಬೈಲ್ ಬಂದರೂ, ಕೊನೆಯಲ್ಲಿ ಗಾಳಿಯನ್ನು ಅಲುಗಿಸುವ ಕೆಲಸವನ್ನು ಬಹುಪಾಲು ಇದೇ ಸುರುಳಿ ಮತ್ತು ಕೋನ್ ಮಾಡುತ್ತಿವೆ.

ಹೊರಗಿನ ಸ್ಪೀಕರ್ ಒಳಗಿನದಕ್ಕಿಂತ ಬೇಗ ಕೆಡುವುದೇಕೆ? ಮೂರು ಶತ್ರುಗಳಿವೆ: ಬಿಸಿಲು, ನೀರು ಮತ್ತು ರಸ್ತೆಯ ಕುಲುಕಾಟ. ಬಿಸಿಲಿನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ ಜಾಲರಿಯನ್ನು ಬಿಳಿಚಿಸಿ ಪುಡಿಪುಡಿ ಮಾಡುತ್ತವೆ, ಸ್ಪಂಜಿನ ಸುತ್ತುಪಟ್ಟಿಯನ್ನು ತಿಂದುಹಾಕುತ್ತವೆ. ಕಾಗದದ ಕೋನ್ ನೀರು ಕುಡಿದು ಮೆತ್ತಗಾಗುತ್ತದೆ. ಕುಲುಕಾಟದಿಂದ ತಂತಿಯ ಜೋಡಣೆ ಸಡಿಲಗೊಳ್ಳುತ್ತದೆ. ಆದ್ದರಿಂದ ಹೊಸದನ್ನು ಕೊಳ್ಳುವಾಗ ದೋಣಿಗಳಿಗೆಂದು ತಯಾರಿಸಿದ ಸ್ಪೀಕರನ್ನು ಆರಿಸುವುದು ಜಾಣತನ. ಅಂಥವುಗಳಲ್ಲಿ ಸಾಮಾನ್ಯವಾಗಿ ಕೋನ್ ಪಾಲಿಪ್ರೊಪಿಲೀನ್‌ನದು, ಸುತ್ತುಪಟ್ಟಿ ರಬ್ಬರಿನದು. ಪೆಟ್ಟಿಗೆಯ ಮೇಲೆ ಐಪಿ 65 ಎಂಬಂಥ ಸಂಖ್ಯೆ ಇದ್ದರೆ ಅದನ್ನು ಓದಲು ಕಲಿಯಿರಿ. ಮೊದಲ ಅಂಕೆ ಧೂಳಿನಿಂದ ರಕ್ಷಣೆ, ಎರಡನೆಯದು ನೀರಿನಿಂದ ರಕ್ಷಣೆ. 6 ಎಂದರೆ ಧೂಳು ಒಳನುಗ್ಗದು, 5 ಎಂದರೆ ನೀರಿನ ಎರಚಲನ್ನು ತಡೆಯುತ್ತದೆ.

ಆದರೆ ಕೊಳ್ಳುವ ಮೊದಲು ನಿಜವಾಗಿಯೂ ಸ್ಪೀಕರೇ ಕೆಟ್ಟಿದೆಯೇ ಎಂದು ನೋಡಬೇಕು. ಧ್ವನಿ ಬರಲಿಲ್ಲ, ಆದ್ದರಿಂದ ಸ್ಪೀಕರ್ ಕೆಟ್ಟಿದೆ ಎನ್ನುವುದು ಅವಸರದ ತೀರ್ಮಾನ. ಮನೆಗಾಡಿಯ ಅನೇಕ ಸ್ಟೀರಿಯೊಗಳಲ್ಲಿ ಒಳಗಿನ ಸ್ಪೀಕರ್‌ಗಳಿಗೆ ಒಂದು ವಲಯ, ಹೊರಗಿನವಕ್ಕೆ ಇನ್ನೊಂದು ವಲಯ ಇರುತ್ತದೆ. ಹೊರಗಿನ ವಲಯದ ಗುಂಡಿಯನ್ನು ಯಾರೋ ಆರಿಸಿಟ್ಟಿದ್ದರೆ ಸ್ಪೀಕರಿನ ತಪ್ಪೇನು? ಗುಂಡಿ ಸರಿಯಿದ್ದರೆ ಮುಂದೆ ಸ್ಪೀಕರನ್ನು ಬಿಚ್ಚಿ, ಅದರ ತಂತಿಗಳನ್ನು ಬಿಡಿಸಿ, ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಒಂದು ಸೆಲ್ಲನ್ನು ಅದರ ಎರಡು ತುದಿಗಳಿಗೆ ಕ್ಷಣಮಾತ್ರ ತಾಗಿಸಿ. 'ಟಕ್' ಎಂಬ ಶಬ್ದ ಬಂದರೆ ಸುರುಳಿ ಜೀವಂತವಾಗಿದೆ, ದೋಷ ತಂತಿಯಲ್ಲೋ ಸ್ಟೀರಿಯೊದಲ್ಲೋ ಇರಬಹುದು. ಸೆಲ್ಲಿನ ಧನ ತುದಿಯನ್ನು ಸ್ಪೀಕರಿನ ಧನ ತುದಿಗೆ ತಾಗಿಸಿದಾಗ ಕೋನ್ ಸಾಮಾನ್ಯವಾಗಿ ಹೊರಕ್ಕೆ ಚಲಿಸುತ್ತದೆ. ಗುರುತು ಅಳಿಸಿಹೋದ ಸ್ಪೀಕರಿನಲ್ಲಿ ಧನ ಯಾವುದು, ಋಣ ಯಾವುದು ಎಂದು ಹೀಗೆ ತಿಳಿಯಬಹುದು. ಎರಡು ಸ್ಪೀಕರ್‌ಗಳಲ್ಲಿ ಒಂದನ್ನು ತಿರುಗುಮುರುಗಾಗಿ ಜೋಡಿಸಿದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಮಂದ್ರ ಸ್ವರಗಳು ಸೊರಗಿಹೋಗುತ್ತವೆ.

ಈಗ ಓಮ್ ನಿಯಮಕ್ಕೆ ಬರೋಣ. ಹಳೆಯ ಸ್ಪೀಕರಿನ ಹಿಂಬದಿಯಲ್ಲಿ 4 ಓಮ್ ಅಥವಾ 8 ಓಮ್ ಎಂದು ಬರೆದಿರುತ್ತದೆ. ಹೊಸದು ಸ್ಟೀರಿಯೊಗೆ ಹೇಳಿದಷ್ಟೇ ಓಮ್ ಇರಬೇಕು. ಏಕೆ? ಸುಲಭ ಲೆಕ್ಕ ಮಾಡಿ ನೋಡಿ. ಸ್ಟೀರಿಯೊ 8 ವೋಲ್ಟ್ ಕೊಡುತ್ತಿದೆ ಎಂದಿಟ್ಟುಕೊಳ್ಳೋಣ. 8 ಓಮ್ ಸ್ಪೀಕರಿನಲ್ಲಿ 1 ಆಂಪಿಯರ್ ಹರಿಯುತ್ತದೆ, ಶಕ್ತಿ 8 ವ್ಯಾಟ್. ಅದೇ ಜಾಗದಲ್ಲಿ 4 ಓಮ್ ಹಾಕಿದರೆ 2 ಆಂಪಿಯರ್, 16 ವ್ಯಾಟ್. ಎರಡು 4 ಓಮ್ ಸ್ಪೀಕರ್‌ಗಳನ್ನು ಸಮಾಂತರವಾಗಿ ಒಂದೇ ಜೋಡಿ ತಂತಿಗೆ ಕಟ್ಟಿದರೆ ಒಟ್ಟು 2 ಓಮ್ ಮಾತ್ರ, ವಿದ್ಯುತ್ 4 ಆಂಪಿಯರ್! 8 ಓಮಿಗೆಂದು ಮಾಡಿದ ಸ್ಟೀರಿಯೊ ಇದನ್ನು ತಾಳಲಾರದೆ ಬಿಸಿಯಾಗಿ ನಿಂತುಹೋಗುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಸಮಾಂತರ ಜೋಡಣೆಯ ಲೆಕ್ಕ ಇಲ್ಲಿ ಒಂದು ಯಂತ್ರವನ್ನು ಉಳಿಸುತ್ತದೆ. ಇನ್ನೊಂದು ಸೂಕ್ಷ್ಮ: ಮಲ್ಟಿಮೀಟರಿನಲ್ಲಿ ಅಳೆದಾಗ 4 ಓಮ್ ಸ್ಪೀಕರ್ ಮೂರೂವರೆಯ ಆಸುಪಾಸು, 8 ಓಮಿನದು 6ರ ಆಸುಪಾಸು ತೋರಿಸುತ್ತದೆ. ಇದು ದೋಷವಲ್ಲ. ಮೀಟರು ಅಳೆಯುವುದು ತಂತಿಯ ರೋಧವನ್ನು ಮಾತ್ರ.

ಕೆಲಸ ಆರಂಭಿಸುವ ಮುನ್ನ ವಿದ್ಯುತ್ ತೆಗೆಯಬೇಕು. ಮನೆಗಾಡಿಯಲ್ಲಿ 12 ವೋಲ್ಟಿನ ಬ್ಯಾಟರಿಯ ಜೊತೆಗೆ, ಶಿಬಿರ ತಾಣದ 120 ವೋಲ್ಟನ್ನು 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಕೂಡ ಇರುತ್ತದೆ. ಬ್ಯಾಟರಿಯನ್ನು ಮಾತ್ರ ಬಿಚ್ಚಿದರೆ ಕನ್ವರ್ಟರಿನಿಂದ ವಿದ್ಯುತ್ ಬರುತ್ತಲೇ ಇರುತ್ತದೆ. ಎರಡನ್ನೂ ಬಿಡಿಸಬೇಕು. 12 ವೋಲ್ಟ್ ಮನುಷ್ಯನಿಗೆ ಆಘಾತ ಕೊಡದಿರಬಹುದು, ಆದರೆ ತಂತಿಗಳು ಪರಸ್ಪರ ತಾಗಿದರೆ ಬೆಂಕಿ ಹೊತ್ತಿಸಬಲ್ಲದು.

ಬಂಧುಗಳೇ, ಈಗ ನಾನು ಮುಖ್ಯವೆಂದ ಭಾಗಕ್ಕೆ ಬಂದಿದ್ದೇನೆ. ಹೊಸ ಸ್ಪೀಕರನ್ನು ನಾಲ್ಕು ತಿರುಪು ಬಿಗಿದು ಕೂರಿಸಿ, ಹಾಡು ಹಾಕಿ ಕೇಳಿದರೆ ಕೆಲಸ ಮುಗಿಯಿತೆಂದು ಅನಿಸುತ್ತದೆ. ಆದರೆ ಸ್ಪೀಕರ್ ಕೂತಿರುವುದು ಗೋಡೆಯಲ್ಲಿ ಕೊರೆದ ಒಂದು ತೂತಿನಲ್ಲಿ ಎಂಬುದನ್ನು ಮರೆಯಬಾರದು. ಅನೇಕ ಮನೆಗಾಡಿಗಳ ಗೋಡೆ ಹೊರಗೆ ಫೈಬರ್‌ಗ್ಲಾಸ್ ಹಾಳೆ, ಅದರ ಹಿಂದೆ ತೆಳು ಪ್ಲೈವುಡ್, ನಡುವೆ ಫೋಮ್, ಹೀಗೆ ಅಂಟಿನಿಂದ ಕೂಡಿಸಿದ್ದು. ಸ್ಪೀಕರಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಪ್ರತಿ ಮಳೆಗೆ ನಾಲ್ಕು ಹನಿ ಒಳಗಿಳಿಯುತ್ತದೆ. ಹನಿಗೂಡಿ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಪ್ಲೈವುಡ್ ಕೊಳೆಯುತ್ತದೆ, ಅಂಟು ಬಿಡುತ್ತದೆ, ಹೊರಹಾಳೆ ಗುಳ್ಳೆಯಂತೆ ಉಬ್ಬುತ್ತದೆ. ಅಷ್ಟು ಹೊತ್ತಿಗೆ ಸ್ಪೀಕರ್ ಚೆನ್ನಾಗಿಯೇ ಹಾಡುತ್ತಿರುತ್ತದೆ, ಗೋಡೆ ಮಾತ್ರ ಸತ್ತಿರುತ್ತದೆ. ಸ್ಪೀಕರ್ ಬದಲಾಯಿಸುವುದು ಒಂದು ಗಂಟೆಯ ಕೆಲಸ, ಉಬ್ಬಿದ ಗೋಡೆಯನ್ನು ಸರಿಪಡಿಸುವುದು ಗಾಡಿಯ ಒಡೆಯನ ಜೇಬನ್ನೇ ಬರಿದುಮಾಡುವ ಕೆಲಸ.

ಆದ್ದರಿಂದ ಒಳ್ಳೆಯ ಕೆಲಸಗಾರ ಹಳೆಯ ಸ್ಪೀಕರನ್ನು ತೆಗೆದ ಕೂಡಲೇ ತೂತಿನ ಅಂಚಿನ ಮರವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡುತ್ತಾನೆ. ಮೆತ್ತಗಿದ್ದರೆ ಮೊದಲು ಅದರ ಚಿಕಿತ್ಸೆ. ಹಳೆಯ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸುತ್ತಾನೆ. ಹಳೆಯ ಸಿಲಿಕೋನಿನ ಪೊರೆ ಉಳಿದರೆ ಹೊಸ ಅಂಟು ಹಿಡಿಯುವುದಿಲ್ಲ. ಹೊಸ ಸ್ಪೀಕರಿನ ಅಂಚಿನ ಹಿಂಬದಿಗೆ ಬ್ಯುಟೈಲ್ ಪಟ್ಟಿಯನ್ನು ಸುತ್ತಲೂ ಹಚ್ಚಿ, ತುಕ್ಕು ಹಿಡಿಯದ ಉಕ್ಕಿನ ತಿರುಪುಗಳನ್ನು ಕೈಯಿಂದಲೇ, ಎದುರು ಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾನೆ. ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿಹೋಗುತ್ತದೆ, ಚೌಕಟ್ಟು ಸೀಳುತ್ತದೆ. ಒಳಗಿನ ತಂತಿಯನ್ನು ನೇರವಾಗಿ ಎಳೆಯದೆ ಕೆಳಕ್ಕೆ ಒಂದು ಬಳಕು ಕೊಟ್ಟು ಜೋಡಿಸುತ್ತಾನೆ. ತಂತಿಯ ಮೇಲೆ ಇಳಿದ ನೀರು ಆ ಬಳಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಜೋಡಣೆಯನ್ನು ತಲುಪುವುದಿಲ್ಲ. ಹೊಸ ಸ್ಪೀಕರಿನ ಅಳತೆ ದೊಡ್ಡದಿದ್ದರೆ ತೂತನ್ನು ಕಣ್ಣುಮುಚ್ಚಿ ಅಗಲಿಸುವುದೂ ಇಲ್ಲ. ಗೋಡೆಯೊಳಗೆ ತಂತಿಗಳೂ ಚೌಕಟ್ಟಿನ ಕಂಬಿಗಳೂ ಇರುತ್ತವೆ. ಅಳತೆ ಮಾಡಿಕೊಂಡೇ ಅಂಗಡಿಗೆ ಹೋಗುವುದು ಉತ್ತಮ.

ಇಷ್ಟೆಲ್ಲ ಮಾಡಿ ಧ್ವನಿ ಬಂತು. ಅದು ಎಷ್ಟು ದೂರ ಹೋಗಬೇಕು? ಅದಕ್ಕೂ ಲೆಕ್ಕವಿದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿಯಮದಂತೆ ರೇಡಿಯೊ ಮುಂತಾದ ಸಾಧನಗಳ ಶಬ್ದ 50 ಅಡಿ ದೂರದಲ್ಲಿ 60 ಡೆಸಿಬೆಲ್ ಮೀರಬಾರದು, ಅದಕ್ಕಿಂತ ಕಡಿಮೆಯಿದ್ದರೂ ಅನುಚಿತವಾಗಿ ತೊಂದರೆ ಕೊಡಬಾರದು. ಯೊಸೆಮಿಟಿ ಉದ್ಯಾನದ ಶಿಬಿರಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೌನದ ವೇಳೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಧ್ವನಿವರ್ಧಕಗಳಿಗೆ ನಿರ್ಬಂಧ ಹೇರಿರುವುದೂ ಇದೇ ರಾತ್ರಿ 10ರಿಂದ ಬೆಳಿಗ್ಗೆ 6ರ ಅವಧಿಗೆ. ಊರು ಯಾವುದಾದರೂ ನಿದ್ದೆಯ ಹಕ್ಕು ಒಂದೇ. ಪಕ್ಕದ ಗಾಡಿಯಲ್ಲಿ ಮಲಗಿರುವ ಮಗುವಿಗೆ ನಮ್ಮ ಹಾಡು ಬೇಕಿಲ್ಲ. ಚಪ್ಪರದ ಕೆಳಗೆ ಕೂತವರಿಗೆ ಕೇಳಿಸಿದರೆ ಹೊರ ಸ್ಪೀಕರಿನ ಕರ್ತವ್ಯ ಮುಗಿಯಿತು.

ವಿದ್ಯಾರ್ಥಿಗಳೇ, ಐಟಿಐ ಸೇರಿದ ಹುಡುಗನನ್ನು ಓದಿನಲ್ಲಿ ಹಿಂದೆ ಬಿದ್ದವನು ಎಂದು ನೋಡುವ ದೃಷ್ಟಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹುಡುಗಿಯರು ಮಲ್ಟಿಮೀಟರ್ ಹಿಡಿದರೆ ಹುಬ್ಬೇರಿಸುವವರೂ ಇದ್ದಾರೆ. ಈಗ ಕೇಳಿದ ಕೆಲಸದಲ್ಲಿ ಭೌತಶಾಸ್ತ್ರ ಇಲ್ಲವೇ? ರಸಾಯನಶಾಸ್ತ್ರ ಇಲ್ಲವೇ? ನಾಗರಿಕ ಪ್ರಜ್ಞೆ ಇಲ್ಲವೇ? ಉರ್ದುವಿನಲ್ಲಿ ಹುನರ್ ಎನ್ನುತ್ತೇವೆ, ಕನ್ನಡದಲ್ಲಿ ಕುಶಲತೆ ಎನ್ನುತ್ತೇವೆ. ಎರಡಕ್ಕೂ ಕೈ ಬೇಕು, ತಲೆಯೂ ಬೇಕು. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ಮಗ ಅಥವಾ ಮಗಳು ಕೆಟ್ಟ ರೇಡಿಯೊ ಬಿಚ್ಚಿ ಕೂತಿದ್ದರೆ, ವಿದ್ಯುತ್ ತೆಗೆದಿದೆಯೇ ಎಂದು ಮೊದಲು ನೋಡಿ, ಆಮೇಲೆ ಏನು ಕಂಡೆ ಎಂದು ಕೇಳಿ. ಗದರಿಸಬೇಡಿ.

ಹಾಡು ಕೇಳಿದವರು ಸ್ಪೀಕರನ್ನು ಹೊಗಳುತ್ತಾರೆ. ಅದರ ಹಿಂದಿನ ಬ್ಯುಟೈಲ್ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಮುಂದಿನ ಹತ್ತು ಮಳೆಗಾಲ ಆ ಗೋಡೆಯನ್ನು ಕಾಯುವುದು ಮಾತ್ರ ಅದೇ. ನೀವು ಯಾವ ಕೆಲಸ ಕಲಿತರೂ ಆ ಪಟ್ಟಿಯನ್ನು ಸರಿಯಾಗಿ ಹಚ್ಚುವವರಾಗಿ ಎಂದು ಹಾರೈಸುತ್ತೇನೆ.